ಒಂದೇ ತಾಳ, ಹತ್ತಾರು ಕೊರಳು

2003ರ ಮೇ ತಿಂಗಳಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿದ್ದು ಜಮೈಕಾದ ಶಾನ್ ಪಾಲ್ ಹಾಡಿದ ‘ಗೆಟ್ ಬಿಜಿ’. ಅದೇ ವರ್ಷ ನ್ಯೂಯಾರ್ಕಿನ ಲುಮಿಡೀ ಹಾಡಿದ ‘ನೆವರ್ ಲೀವ್ ಯು’ ಮೂರನೆಯ ಸ್ಥಾನಕ್ಕೆ ಬಂತು, ವೇಯ್ನ್ ವಂಡರ್‌ನ ‘ನೋ ಲೆಟಿಂಗ್ ಗೋ’ ಹನ್ನೊಂದಕ್ಕೆ. ಮೂರು ಹಾಡಿಗೂ ಹಿಮ್ಮೇಳ ಒಂದೇ. ಅದರ ಹೆಸರು ‘ದಿವಾಲಿ’.

ಅದನ್ನು ಕಟ್ಟಿದವನು ಕೀಬೋರ್ಡ್ ವಾದಕ ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್. ನೆಲ ನಡುಗಿಸುವ ಡ್ರಮ್ಮಿನ ಬದಲು ಅವನು ಮುಂದಿಟ್ಟಿದ್ದು ಕೈಚಪ್ಪಾಳೆಯನ್ನು. ಆ ಚಪ್ಪಾಳೆ ನಾವು ನಿರೀಕ್ಷಿಸುವಲ್ಲಿ ಬೀಳುವುದಿಲ್ಲ. ತುಸು ಜಾರಿ, ಮತ್ತೆ ಹಿಡಿದು, ಕೇಳುವವರನ್ನು ಎಳೆದುಕೊಳ್ಳುತ್ತದೆ. ನಮ್ಮ ಹಬ್ಬದ ಹೆಸರೂ ಜಮೈಕಾ ದ್ವೀಪಕ್ಕೆ ತೀರಾ ಪರಕೀಯವಲ್ಲ. 1845ರಲ್ಲೇ ಭಾರತದ ಕೂಲಿಯಾಳುಗಳ ಮೊದಲ ಹಡಗು ಅಲ್ಲಿನ ಓಲ್ಡ್ ಹಾರ್ಬರ್ ಕೊಲ್ಲಿಗೆ ಬಂದಿತ್ತು.

ಜಮೈಕಾದಲ್ಲಿ ಇಂಥ ಹಿಮ್ಮೇಳವನ್ನು ‘ರಿಡಿಮ್’ ಎನ್ನುತ್ತಾರೆ. ನಿರ್ಮಾಪಕ ಮೊದಲು ಅದನ್ನು ಸಿದ್ಧಮಾಡುತ್ತಾನೆ. ಆಮೇಲೆ ಗಾಯಕರು ಒಬ್ಬೊಬ್ಬರಾಗಿ ಬಂದು ತಮ್ಮ ಸಾಹಿತ್ಯ, ತಮ್ಮ ಧಾಟಿ ಕೂಡಿಸುತ್ತಾರೆ. ಈ ಪದ್ಧತಿಯ ಬೇರು 1968ರ ಸುಮಾರಿನದು. ರಡ್ಡಿ ರೆಡ್‌ವುಡ್ ಎಂಬಾತ ನೃತ್ಯಕೂಟಗಳಲ್ಲಿ ಗ್ರಾಮಫೋನ್ ತಟ್ಟೆ ನುಡಿಸುವ ಸೌಂಡ್ ಸಿಸ್ಟಮ್‌ನ ಮಾಲೀಕ. ಅವನಿಗೆ ಟ್ರೆಷರ್ ಐಲ್ ಸ್ಟುಡಿಯೋದಲ್ಲಿ ಕಣ್ತಪ್ಪಿ ಗಾಯನವಿಲ್ಲದ ತಟ್ಟೆಯೊಂದನ್ನು ಕೊರೆದುಕೊಟ್ಟರು. ಅವನು ಅದನ್ನೇ ಕೂಟದಲ್ಲಿ ನುಡಿಸಿದ. ಖಾಲಿಯಿದ್ದ ಜಾಗವನ್ನು ಸೇರಿದ್ದ ಜನರೇ ಹಾಡಿ ತುಂಬಿದರು. ಕ್ರಮೇಣ ಪ್ರತಿ ತಟ್ಟೆಯ ಹಿಂಬದಿಗೂ ಬರೀ ಹಿಮ್ಮೇಳ ಹಾಕುವುದು ರೂಢಿಯಾಯಿತು. 1974ರಲ್ಲಿ ನಿರ್ಮಾಪಕ ರೂಪಿ ಎಡ್ವರ್ಡ್ಸ್ ಒಂದೇ ರಿಡಿಮ್‌ನ ಮೇಲೆ ಇಡೀ ಆಲ್ಬಮ್ ತಂದ: ‘ಯಮಹಾ ಸ್ಕ್ಯಾಂಕ್’.

1985ರಲ್ಲಿ ನಿರ್ಮಾಪಕ ಕಿಂಗ್ ಜ್ಯಾಮಿ ಮತ್ತು ಗಾಯಕ ವೇಯ್ನ್ ಸ್ಮಿತ್ ಸೇರಿ ಪುಟ್ಟ ಕ್ಯಾಸಿಯೋ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟಿದ್ದ ಒಂದು ತಾಳದಿಂದ ‘ಸ್ಲೆಂಗ್ ಟೆಂಗ್’ ಎಬ್ಬಿಸಿದ ಮೇಲಂತೂ ರಿಡಿಮ್ ಕಟ್ಟಲು ವಾದ್ಯಗಾರರ ತಂಡವೇ ಬೇಕಿರಲಿಲ್ಲ. ಖರ್ಚು ಇಳಿಯಿತು, ರಿಡಿಮ್‌ಗಳು ಹೆಚ್ಚಿದವು.

‘ದಿವಾಲಿ’ಯ ಹಾಡುಗಳನ್ನು ಲಂಡನ್ನಿನ ಗ್ರೀನ್‌ಸ್ಲೀವ್ಸ್ ಕಂಪನಿ 2002ರಲ್ಲಿ ತನ್ನ ರಿದಮ್ ಆಲ್ಬಮ್ ಸರಣಿಯ 27ನೆಯದಾಗಿ ಹೊರತಂದಿತು. ಒಂದೇ ತಾಳವನ್ನು ಗಂಟೆಗಟ್ಟಲೆ ಕೇಳುವುದು ಬೇಸರವಲ್ಲವೇ ಎಂದು ಹಲವರು ಕೇಳುತ್ತಾರೆ. ಖಂಡಿತ ಅಲ್ಲ. ತಾಳ ಪರಿಚಿತವಾದಷ್ಟೂ ಕಿವಿ ಅದನ್ನು ದಾಟಿ ಕೊರಳಿಗೆ ಹೋಗುತ್ತದೆ. ಯಾರು ಚಪ್ಪಾಳೆಗೆ ಮುಂಚೆಯೇ ನುಗ್ಗಿದರು, ಯಾರು ಅದು ಬೀಳಲಿ ಎಂದು ಕಾದರು, ಎಲ್ಲ ತಿಳಿಯುತ್ತದೆ. ನೃತ್ಯಕೂಟದಲ್ಲಿ ತಟ್ಟೆಗಳನ್ನು ಆರಿಸಿ ನುಡಿಸುವ ಸೆಲೆಕ್ಟರ್ ಕೂಡ ಹೀಗೆಯೇ, ಕುಣಿಯುವವರ ಕಾಲು ನಿಲ್ಲದಂತೆ, ಒಂದು ಕೊರಳಿನಿಂದ ಇನ್ನೊಂದಕ್ಕೆ ದಾಟಿಸುತ್ತ ಹೋಗುತ್ತಾನೆ. ವೇಯ್ನ್ ವಂಡರ್ ಈ ಚಪ್ಪಾಳೆಯ ಮೇಲೆ ಮೆತ್ತಗೆ ಪ್ರೇಮ ಹಾಡಿದ. ಬೌಂಟಿ ಕಿಲ್ಲರ್ ಅದೇ ಚಪ್ಪಾಳೆಯ ಮೇಲೆ ‘ಸಫರರ್’ ಎಂದು ಬಡವರ ಬವಣೆಯನ್ನು ಗುಡುಗಿದ. ಲೆಂಕಿಯ ತಾಳ ಇಬ್ಬರಿಗೂ ಒದಗಿತು.