ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ!
ಹಿಂಜವಡಿಯಲ್ಲಿ ಕೋಡ್ ಬರೆಯುವ ನನಗೆ 35ಕ್ಕೇ ಮಧುಮೇಹ ಎಂದಾಗ ಊರಿನಿಂದ ಅಮ್ಮ ಕೇಳಿದ್ದು, ‘ಇಷ್ಟು ತೆಳ್ಳಗಿದ್ದೀಯಲ್ಲೋ?’ ಉತ್ತರ ಪುಣೆಯಲ್ಲೇ ಇದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಅಳತೆ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3; ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ತಕ್ಕಡಿಗೆ ಕಾಣದ ಈ ಕೊಬ್ಬು, ಅದರಲ್ಲೂ ಹೊಟ್ಟೆಯದು, ಇನ್ಸುಲಿನ್ ಕೆಲಸಕ್ಕೆ ಅಡ್ಡಿ.

ಮೆಟ್‌ಫಾರ್ಮಿನ್ ಮಾತ್ರೆ ಯಕೃತ್ತು ಬಿಡುವ ಸಕ್ಕರೆಯನ್ನು ತಗ್ಗಿಸುತ್ತದೆ. ಊಟದ ನಂತರದ ನಡಿಗೆ ರಕ್ತದ ಸಕ್ಕರೆಯನ್ನು ಸ್ನಾಯುಗಳಿಗೆ ದಾಟಿಸುತ್ತದೆ. ಒಂದಿದೆಯೆಂದು ಇನ್ನೊಂದನ್ನು ಬಿಡುವಂತಿಲ್ಲ. ಮೆಸ್ಸಿನ ತಟ್ಟೆಯಲ್ಲೀಗ ಅನ್ನ ಅರ್ಧ, ಕಾಳುಪಲ್ಯ ಇಮ್ಮಡಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಇಳಿದರೂ ಮಾತ್ರೆ ನಿಲ್ಲಿಸುವ ತೀರ್ಮಾನ ವೈದ್ಯರದು. ಪರವೂರಿನ ತೆಳ್ಳನೆಯ ಗೆಳೆಯರೇ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.