ಸ್ಲೈಡಿನ ನಾಳೆ, ನೆಗೆಟಿವಿನ ನಾಳೆ

ಬಣ್ಣದ ಫಿಲ್ಮಿನಲ್ಲಿ ಎರಡು ಜಾತಿ. ಒಂದನ್ನು ಸಂಸ್ಕರಿಸಿದರೆ ಸುರುಳಿಯ ಮೇಲೆಯೇ ಚಿತ್ರ ನೇರವಾಗಿ ಮೂಡುತ್ತದೆ: ಆಕಾಶ ನೀಲಿಯಾಗಿ, ಎಲೆ ಹಸಿರಾಗಿ. ಅದನ್ನು ಕತ್ತರಿಸಿ ಚೌಕಟ್ಟಿಗೆ ಸೇರಿಸಿದರೆ ಸ್ಲೈಡ್ ಆಯಿತು. ಇನ್ನೊಂದರಲ್ಲಿ ಬೆಳಕು ಕತ್ತಲೆಯಾಗಿ, ಕತ್ತಲೆ ಬೆಳಕಾಗಿ, ಬಣ್ಣಗಳೆಲ್ಲ ತಮ್ಮ ವಿರುದ್ಧ ಬಣ್ಣಗಳಾಗಿ, ಎಲ್ಲದರ ಮೇಲೂ ಕಿತ್ತಳೆಯ ಮುಸುಕೊಂದು ಕವಿದಿರುತ್ತದೆ, ಅದು ನೆಗೆಟಿವ್. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಇವೆರಡರ ಕಥೆಯೂ ಮುಗಿಯಿತೆಂದು ಬಹುಮಂದಿ ತಿಳಿದಿದ್ದಾರೆ. ಮುಗಿದಿಲ್ಲ. ಎರಡೂ ಇಂದಿಗೂ ತಯಾರಾಗುತ್ತಿವೆ. ಆದರೆ ಎರಡರ ಮುಂದಿನ ದಾರಿ ಒಂದೇ ಅಲ್ಲವೆಂಬುದು ನನ್ನ ಅಭಿಪ್ರಾಯ.

ನಾನು ರಸಾಯನಶಾಸ್ತ್ರ ಬಲ್ಲವನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ವಿಷಯದೊಡನೆ ನನಗೆ ನಂಟುಂಟು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆಯೆಂದು ಬಾಯಿಮಾತಿನಲ್ಲಿ ಹೇಳುವುದು ಬೇರೆ. ತರಗತಿಯ ಕಿಟಕಿಗಳನ್ನು ಮುಚ್ಚಿ ಆ ಬಂಡೆಯನ್ನೇ ಗೋಡೆಯಗಲ ತೋರಿಸುವುದು ಬೇರೆ. ಹಲವು ವರ್ಷ ನಾನು ಶಾಸನಪಾಠ ಮಾಡಿದ್ದು ಸ್ಲೈಡುಗಳ ನೆರವಿನಿಂದ. ಆದ್ದರಿಂದ ನನ್ನ ಒಲವು ಎತ್ತಕಡೆ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಒಲವು ಒಂದು ಕಡೆಗಿದ್ದರೂ ಲೆಕ್ಕಾಚಾರ ಇನ್ನೊಂದು ಕಡೆಗೆ ವಾಲುತ್ತಿದೆ.

ಎರಡು ಫಿಲ್ಮುಗಳ ಮೈಯೂ ಹೆಚ್ಚು ಕಡಮೆ ಒಂದೇ ಬಗೆ: ನೀಲಿ, ಹಸಿರು, ಕೆಂಪು ಬೆಳಕುಗಳಿಗೆ ಸ್ಪಂದಿಸುವ ಬೆಳ್ಳಿಯ ಲವಣದ ಪದರಗಳು. ವ್ಯತ್ಯಾಸವೆಲ್ಲ ಸಂಸ್ಕರಣದಲ್ಲಿ. ನೆಗೆಟಿವಿನದು ಸಿ-41 ಎಂಬ ಕ್ರಮ, 1972ರಲ್ಲಿ ಬಂದದ್ದು. 38 ಡಿಗ್ರಿ ಶಾಖದ ಡೆವಲಪರಿನಲ್ಲಿ ಮೂರೂಕಾಲು ನಿಮಿಷ ಅದ್ದಿದರೆ ಬೆಳಕು ಬಿದ್ದೆಡೆಯಲ್ಲೆಲ್ಲ ಬಣ್ಣ ಹುಟ್ಟುತ್ತದೆ. ಸ್ಲೈಡಿನ ಇ-6 ಕ್ರಮ ಇದಕ್ಕಿಂತ ಸುತ್ತಿನದು. ಮೊದಲ ಡೆವಲಪರು ಬೆಳಕು ಬಿದ್ದೆಡೆಯಲ್ಲಿ ಬರಿಯ ಕಪ್ಪುಬಿಳುಪಿನ ಬಿಂಬವೊಂದನ್ನು ಮೂಡಿಸುತ್ತದೆ. ಅನಂತರ ಬೆಳಕನ್ನೇ ಕಾಣದೆ ಉಳಿದ ಲವಣವನ್ನು ರಾಸಾಯನಿಕದಿಂದ ಎಚ್ಚರಿಸಿ ಅಲ್ಲಿ ಬಣ್ಣ ಹುಟ್ಟಿಸುತ್ತಾರೆ. ಕೊನೆಗೆ ಬೆಳ್ಳಿಯನ್ನೆಲ್ಲ ತೊಳೆದು ತೆಗೆದರೆ ಉಳಿಯುವುದು ನೇರವಾದ ಚಿತ್ರ. ಅಂದರೆ ಕ್ಯಾಮೆರಾದೊಳಗೆ ಬೆಳಕಿಗೆ ಒಡ್ಡಿಕೊಂಡ ಆ ಫಿಲ್ಮೇ ಕೊನೆಯ ಕೃತಿ. ನೆಗೆಟಿವ್ ಹಾಗಲ್ಲ, ಅದಕ್ಕೆ ಸಂಪಾದಕನೊಬ್ಬ ಬೇಕು. ಒಂದೇ ಓಲೆಗರಿಯನ್ನು ಇಬ್ಬರು ವಿದ್ವಾಂಸರು ಎರಡು ಬಗೆಯಾಗಿ ಓದುವಂತೆ, ಒಂದೇ ನೆಗೆಟಿವಿನಿಂದ ಎರಡು ಲ್ಯಾಬುಗಳು ಎರಡು ಬಣ್ಣದ ಸಂಜೆಗಳನ್ನು ತೆಗೆದುಕೊಟ್ಟಾವು.

ಈ ನೇರತನಕ್ಕೆ ಸ್ಲೈಡ್ ತೆರುವ ಬೆಲೆಯೂ ದೊಡ್ಡದು. ಬೆಳಕಿನ ಅಳತೆ ಅರ್ಧ ಸ್ಟಾಪ್ ಹೆಚ್ಚಾದರೂ ಮೋಡದ ಬಿಳುಪು ಸವೆದು ಬರಿದಾಗುತ್ತದೆ. ಕಡಮೆಯಾದರೆ ನೆರಳು ಕಗ್ಗತ್ತಲೆ. ನೆಗೆಟಿವ್ ಎರಡು ಸ್ಟಾಪು ಹೆಚ್ಚಿನ ಬೆಳಕನ್ನೂ ಸಹಿಸಿಕೊಂಡು ಒಪ್ಪತಕ್ಕ ಚಿತ್ರ ಕೊಡುತ್ತದೆ. ಒಂದು ಚಂಪಕಮಾಲೆ, ಒಂದು ರಗಳೆ ಎನ್ನಬಹುದು. ರಗಳೆಗೂ ನಿಯಮವುಂಟು, ಆದರೆ ಮೈ ಸಡಿಲ. ಚಂಪಕಮಾಲೆಯಲ್ಲಿ ಒಂದು ಲಘು ಗುರುವಾದರೆ ಪದ್ಯವೇ ಕೆಟ್ಟಿತು.

ಇಷ್ಟಾದರೂ ಪತ್ರಿಕೆಗಳ ಲೋಕದಲ್ಲಿ ದಶಕಗಳ ಕಾಲ ಸ್ಲೈಡಿನದೇ ಆಳ್ವಿಕೆ. ಮುದ್ರಕನ ಮೇಜಿನ ಮೇಲೆ ಮೂಲವೇ ಎದುರಿಗಿರುತ್ತಿತ್ತು. ಅಚ್ಚಾದ ಬಣ್ಣ ಸರಿಯೇ ತಪ್ಪೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಆಳ್ವಿಕೆಯ ಅರಸು ಕೊಡಕ್ರೋಮ್. 1935ರಲ್ಲಿ ಅದನ್ನು ಲೋಕಕ್ಕೆ ಕೊಟ್ಟವರು ಲಿಯೊಪೋಲ್ಡ್ ಮ್ಯಾನ್ಸ್, ಲಿಯೊಪೋಲ್ಡ್ ಗೊಡಾವ್‌ಸ್ಕಿ ಎಂಬಿಬ್ಬರು. ಒಬ್ಬರು ಪಿಯಾನೊ ವಾದಕರು, ಇನ್ನೊಬ್ಬರು ಪಿಟೀಲು ವಾದಕರು. (ಸಂಗೀತಗಾರರು ರಸಾಯನಕ್ಕೆ ಕೈಹಾಕಬಹುದಾದರೆ ಕನ್ನಡ ಮೇಷ್ಟರು ಅದನ್ನು ಕುರಿತು ನಾಲ್ಕು ಮಾತಾಡಬಾರದೇಕೆ?) 1984ರಲ್ಲಿ ಸ್ಟೀವ್ ಮೆಕರಿ ತೆಗೆದ, ಜಗತ್ತಿಗೆಲ್ಲ ಪರಿಚಿತವಾದ ಅಫ್ಘನ್ ಹುಡುಗಿಯ ಚಿತ್ರ ಮೂಡಿದ್ದು ಈ ಫಿಲ್ಮಿನ ಮೇಲೆ.

ಕೊಡಕ್ರೋಮಿನ ಅಂತ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉಳಿದ ಫಿಲ್ಮುಗಳಲ್ಲಿ ಬಣ್ಣದ ಬೀಜ ಫಿಲ್ಮಿನೊಳಗೇ ಇರುತ್ತದೆ. ಕೊಡಕ್ರೋಮಿನಲ್ಲಿ ಅದಿಲ್ಲ; ಸಂಸ್ಕರಣದ ಹೊತ್ತಿಗೆ ಒಂದೊಂದು ಪದರಕ್ಕೂ ಬೇರೆ ಬೇರೆಯಾಗಿ ಉಣಿಸಬೇಕು. ಅಂಥ ಯಂತ್ರ ನಡೆಸಬಲ್ಲ ಲ್ಯಾಬುಗಳು ಒಂದೊಂದಾಗಿ ಮುಚ್ಚಿದುವು. 2009ರಲ್ಲಿ ಕೊಡಕ್ ಆ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಕೊನೆಯ ಸುರುಳಿಗಳಲ್ಲೊಂದನ್ನು ಮೆಕರಿಯ ಕೈಗೆ ಕೊಟ್ಟಿತು. ಆ 36 ಚಿತ್ರಗಳಲ್ಲಿ ಕೆಲವನ್ನು ಆತ ತೆಗೆದದ್ದು ನಮ್ಮ ದೇಶದಲ್ಲೇ: ಮುಂಬಯಿಯ ಸಿನಿಮಾ ನಟರು, ರಾಜಸ್ಥಾನದ ರಬಾರಿ ಜನ. ಅಮೆರಿಕದ ಕ್ಯಾನ್ಸಾಸ್ ಪ್ರಾಂತದ ಪಾರ್ಸನ್ಸ್ ಎಂಬ ಸಣ್ಣ ಊರಿನ ಒಂದೇ ಒಂದು ಲ್ಯಾಬು ಜಗತ್ತಿನಲ್ಲಿ ಆಗ ಉಳಿದಿತ್ತು. ಅದೂ 2010ರ ಡಿಸೆಂಬರ್ 30ಕ್ಕೆ ಸುರುಳಿಗಳನ್ನು ಪಡೆಯುವುದನ್ನು ನಿಲ್ಲಿಸಿತು. ಇಂದು ಯಾರದೋ ಪೆಟ್ಟಿಗೆಯಲ್ಲಿ ಚಿತ್ರ ತೆಗೆದಿಟ್ಟ ಕೊಡಕ್ರೋಮ್ ಸುರುಳಿಯೊಂದಿದ್ದರೆ, ಅದರ ಬಣ್ಣವನ್ನು ಹೊರತರುವ ಲ್ಯಾಬು ಯಾವ ಪೇಟೆಯಲ್ಲಿಯೂ ಇಲ್ಲ. ಕಪ್ಪುಬಿಳುಪಾಗಿ ಬೇಕಾದರೆ ತೊಳೆಯಬಹುದು. ಲಿಪಿ ಉಳಿದು ಓದುವವರು ಅಳಿದಂತೆ.

ಫಿಲ್ಮಿನ ಭವಿಷ್ಯವೆಂದರೆ ಅದರ ಸೊಬಗಿನ ಪ್ರಶ್ನೆಯಲ್ಲ, ಅದನ್ನು ತೊಳೆಯುವವರ, ನೋಡುವ ಉಪಕರಣದ ಪ್ರಶ್ನೆ. ಈ ದೃಷ್ಟಿಯಿಂದ ಸ್ಲೈಡಿನ ಸ್ಥಿತಿ ಚಿಂತಾಜನಕ. 1961ರಿಂದ ಮನೆಮಾತಾಗಿದ್ದ ಕ್ಯಾರೊಸೆಲ್ ಪ್ರೊಜೆಕ್ಟರಿನ ತಯಾರಿಕೆಯನ್ನು ಕೊಡಕ್ 2004ರಲ್ಲೇ ನಿಲ್ಲಿಸಿತು. ಇ-6 ಸಂಸ್ಕರಣ ಮಾಡುವ ಲ್ಯಾಬುಗಳು ನಮ್ಮಲ್ಲಿ ಬಹಳ ವಿರಳ. ಸ್ಲೈಡ್ ತಯಾರಿಸುವ ಕಂಪನಿಗಳೂ ಬೆರಳೆಣಿಕೆಯವು. 2012ರಲ್ಲಿ ಕೊಡಕ್ ಎಕ್ಟಕ್ರೋಮನ್ನೂ ನಿಲ್ಲಿಸಿತ್ತು. 2018ರಲ್ಲಿ ಮತ್ತೆ ತಂದಿತು. ಹೋದ ಮಗ ಮನೆಗೆ ಬಂದಂತೆ ಹಳಬರೆಲ್ಲ ಹಿಗ್ಗಿದರು, ನಾನೂ ಹಿಗ್ಗಿದೆ. ಆದರೆ 2021ರಲ್ಲಿ ಅಮೆರಿಕದ ಪರಿಸರ ಸಂರಕ್ಷಣೆಯ ಇಲಾಖೆ ರಾಸಾಯನಿಕವೊಂದನ್ನು ನಿರ್ಬಂಧಿಸಿದಾಗ, ಅದರ ಅತ್ಯಲ್ಪ ಅಂಶ ಇದ್ದ ಕಾರಣಕ್ಕೆ ಫ್ಯೂಜಿಯವರ ವೆಲ್ವಿಯ 100 ಆ ದೇಶದ ಮಾರುಕಟ್ಟೆಯನ್ನೇ ಬಿಡಬೇಕಾಯಿತು. ಕೊಳ್ಳುವವರು ಕೆಲವರೇ ಇರುವ ವಸ್ತುವಿಗಾಗಿ ಸೂತ್ರವನ್ನು ಹೊಸದಾಗಿ ಹೊಂದಿಸುವ ಶ್ರಮ ಯಾರಿಗೆ ಬೇಕು?

ನೆಗೆಟಿವಿಗೆ ಆಸರೆಯಾಗಿ ನಿಂತಿರುವುದು ಸಿನಿಮಾ. ಒಂದು ಮೂಲದಿಂದ ನೂರಾರು ಪ್ರತಿ ತೆಗೆದು ಊರೂರಿಗೆ ಕಳಿಸಬೇಕಾದ ಕಲೆಗೆ ನೆಗೆಟಿವೇ ಸಹಜವಾದ ದಾರಿ. 2012ರಲ್ಲಿ ಕೊಡಕ್ ದಿವಾಳಿಯ ಅರ್ಜಿ ಹಾಕಿತು. 2013ರ ಹೊತ್ತಿಗೆ ಫ್ಯೂಜಿ ಸಿನಿಮಾ ಚಿತ್ರೀಕರಣದ ಫಿಲ್ಮನ್ನು ಕೈಬಿಟ್ಟಿತ್ತು. ಕ್ರಿಸ್ಟೊಫರ್ ನೋಲನ್ ಮೊದಲಾದ ನಿರ್ದೇಶಕರು ಹಟ ಹಿಡಿದರು. 2015ರಲ್ಲಿ ಹಾಲಿವುಡ್ಡಿನ ಆರು ದೊಡ್ಡ ಸ್ಟುಡಿಯೊಗಳು ಫಿಲ್ಮ್ ಕೊಳ್ಳುತ್ತಲೇ ಇರುವುದಾಗಿ ಕೊಡಕ್ಕಿನೊಡನೆ ಒಪ್ಪಂದ ಮಾಡಿಕೊಂಡುವು. ರಾಚೆಸ್ಟರಿನ ಯಂತ್ರಗಳು ಸಿನಿಮಾಕ್ಕಾಗಿ ತಿರುಗುತ್ತಿರುವಷ್ಟು ದಿನ ಕ್ಯಾಮೆರಾದ ಸಣ್ಣ ಸುರುಳಿಗೂ ಅನ್ನವಿದೆ. ಸಿನಿಮಾದವರು ಸ್ಲೈಡ್ ಫಿಲ್ಮನ್ನು ಮುಟ್ಟಿಲ್ಲವೆಂದಲ್ಲ: ‘ಯುಫೋರಿಯ’ ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯ 2022ರ ಭಾಗದಲ್ಲಿ ಎಕ್ಟಕ್ರೋಮನ್ನು ಬಳಸಿದ್ದಾರೆ. ಅದು ಹಬ್ಬದಡಿಗೆ, ನಿತ್ಯದ ಊಟವಲ್ಲ.

ಹೊಸದಾಗಿ ಕಣಕ್ಕಿಳಿಯುವವರ ನಡೆಯೂ ಇದನ್ನೇ ಹೇಳುತ್ತದೆ. ಇಟಲಿಯ ಫೆರಾನಿಯದಲ್ಲಿ ಹಳೆಯ ಕಾರ್ಖಾನೆಯನ್ನು ಮತ್ತೆ ತೆರೆದು ಸ್ಲೈಡ್ ಫಿಲ್ಮ್ ಮಾಡುವೆವೆಂದು 2014ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಿದರು. 2017ರಲ್ಲಿ ಹೊರಬಂದದ್ದು ಕಪ್ಪುಬಿಳುಪಿನ ಪಿ30. ಇಲ್ಫರ್ಡ್ ಫಿಲ್ಮುಗಳನ್ನು ತಯಾರಿಸುವ ಇಂಗ್ಲೆಂಡಿನ ಹಾರ್ಮನ್ ಕಂಪನಿ 2023ರ ಕೊನೆಗೆ ಫೀನಿಕ್ಸ್ 200 ಎಂಬ ಬಣ್ಣದ ಫಿಲ್ಮನ್ನು ತಂದಿತು, ಅದು ನೆಗೆಟಿವ್. ಇನ್ನು ಸ್ಕ್ಯಾನರ್ ಬಂದ ಮೇಲಂತೂ ಕಿತ್ತಳೆಯ ಮುಸುಕನ್ನು ಕಂಪ್ಯೂಟರು ಕ್ಷಣದಲ್ಲಿ ತೆಗೆಯುತ್ತದೆ. ಸಂಪಾದಕನ ಮರ್ಜಿಗೆ ಕಾಯಬೇಕಾದ ನೆಗೆಟಿವಿನ ಹಳೆಯ ಕೊರತೆ ಈಗ ಅನುಕೂಲವಾಗಿ ಪರಿಣಮಿಸಿದೆ. ಸ್ಲೈಡಿಗೆ ಉಳಿದಿರುವ ಮೇಲ್ಮೆ ಒಂದೇ: ಬೆಳಕನ್ನು ಹಿಂದಿಟ್ಟು ಕಣ್ಣಿನಿಂದಲೇ ನೋಡಬಹುದಾದ ಸುಖ. ಆ ಸುಖ ಬಲ್ಲ ಕೆಲವರಿಗಾಗಿ ಅದು ದುಬಾರಿ ಬೆಲೆಯಲ್ಲಿ ಇನ್ನೂ ಕೆಲಕಾಲ ಉಳಿದೀತು. ನೆಗೆಟಿವಿನ ಆಯುಸ್ಸು ಅದಕ್ಕಿಂತ ದೀರ್ಘವೆಂದು ನಾನು ತಿಳಿದಿದ್ದೇನೆ.

ಮುಂದೆ ತಯಾರಾಗುವ ಸ್ಲೈಡಿಗಿಂತ ಈಗಾಗಲೇ ಇರುವ ಸ್ಲೈಡಿನ ಚಿಂತೆ ನನಗೆ ಹೆಚ್ಚು. ನಮ್ಮ ಕಾಲೇಜುಗಳ ಬೀರುಗಳಲ್ಲಿ, ತೀರಿಕೊಂಡ ಮೇಷ್ಟರ ಮನೆಗಳ ಅಟ್ಟದಲ್ಲಿ ಶಾಸನ, ದೇವಾಲಯ, ಜಾತ್ರೆಗಳ ಸ್ಲೈಡುಗಳು ಪೆಟ್ಟಿಗೆಗಟ್ಟಲೆ ಇವೆ. ಜೀರ್ಣೋದ್ಧಾರದ ಹೆಸರಿನಲ್ಲಿ ಸುಣ್ಣ ಬಳಿಸಿಕೊಂಡ ಗುಡಿಯ ಹಿಂದಿನ ರೂಪ ಆ ಎರಡಂಗುಲದ ಚೌಕಟ್ಟಿನಲ್ಲಿ ಮಾತ್ರ ಉಳಿದಿದ್ದೀತು. ನನ್ನವೇ ಕೆಲವು ಈಗ ಕೆಂಪಡರಿವೆ. ಕೆಲವಕ್ಕೆ ಮಳೆಗಾಲದ ಬೂಷ್ಟು ಹಿಡಿದಿದೆ. ಮನೆಯಲ್ಲಿ ಇಂಥವಿದ್ದರೆ ತಂಪಾದ, ಒಣಗಿದ, ಕತ್ತಲಿನ ಜಾಗದಲ್ಲಿಡಿ; ಪ್ರೊಜೆಕ್ಟರಿನ ದೀಪದ ಮುಂದೆ ಬಹಳ ಹೊತ್ತು ನಿಲ್ಲಿಸಬೇಡಿ; ಬೇಗ ಸ್ಕ್ಯಾನ್ ಮಾಡಿಸಿ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಬೇಡಿ. ಚೌಕಟ್ಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಊರಿನ ಹೆಸರು, ತಾರೀಖು ಇದ್ದರೆ ಅದನ್ನೂ ಒಂದು ಪುಸ್ತಕಕ್ಕೆ ಇಳಿಸಿಕೊಳ್ಳಿ. ಬರೆಯದೆ ಬಿಟ್ಟಿದ್ದರೆ, ಆ ಊರನ್ನು ಗುರುತಿಸಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಿ.