ಕೋನಪ್ಪನ ಅಗ್ರಹಾರದ ವಿದ್ಯಾರ್ಥಿಗಳು

ಅಗ್ರಹಾರವೆಂದರೆ ಓದುವವರಿಗೂ ಓದಿಸುವವರಿಗೂ ಅರಸರೋ ಶ್ರೀಮಂತರೋ ಬಿಟ್ಟುಕೊಟ್ಟ ನೆಲ. ಅಲ್ಲಿ ಪಾಠ ಪ್ರವಚನಗಳು ನಡೆಯಬೇಕು, ಅದನ್ನು ನಡೆಸುವವರಿಗೆ ಅನ್ನದ ಚಿಂತೆಯಿರಬಾರದು. ದಾನದ ಉದ್ದೇಶ ಇಷ್ಟೇ. ಬೆಂಗಳೂರಿನ ದಕ್ಷಿಣಕ್ಕೆ ಹೊಸೂರು ರಸ್ತೆಯಲ್ಲಿ ಸಾಗಿದರೆ ಕೋನಪ್ಪನ ಅಗ್ರಹಾರವೆಂಬ ಊರು ಸಿಕ್ಕುತ್ತದೆ. ಸಿಕ್ಕುತ್ತದೆಂದೆನೆ? ಊರು ಸಿಕ್ಕುವುದಿಲ್ಲ, ಹೆಸರು ಸಿಕ್ಕುತ್ತದೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಆರ್. ಕೆ. ಬಾಳಿಗರ ಕನಸಿನಂತೆ ಈ ಊರಿನ ಮತ್ತು ನೆರೆಯ ದೊಡ್ಡತೋಗೂರಿನ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ರಾಗಿ ಹೊಲದ ಜಾಗದಲ್ಲಿ ಗಾಜಿನ ಗೋಡೆಗಳು ನಿಂತವು. ಆ ಗೋಡೆಗಳ ಬೆನ್ನ ಹಿಂದೆಯೇ ಕಾಲೇಜುಗಳೂ ವಿಶ್ವವಿದ್ಯಾನಿಲಯಗಳೂ ಬಂದವು. ಹೀಗೆ, ಯಾರೂ ಸಂಕಲ್ಪಿಸದೆಯೇ, ಅಗ್ರಹಾರಕ್ಕೆ ವಿದ್ಯಾರ್ಥಿಗಳು ಮರಳಿ ಬಂದಿದ್ದಾರೆ.

ಹಿಂದಿನವರು ವಿಶ್ವವಿದ್ಯಾನಿಲಯವನ್ನು ಕಟ್ಟುವಾಗ ಊರಿನ ಗದ್ದಲದಿಂದ ದೂರ ಹೋಗುತ್ತಿದ್ದರು. ಮೈಸೂರಿನವರು ಮಾನಸಗಂಗೋತ್ರಿಗೆ ಹೋದರು. 1964ರಲ್ಲಿ ಸ್ಥಾಪನೆಗೊಂಡ ಬೆಂಗಳೂರು ವಿಶ್ವವಿದ್ಯಾನಿಲಯವು ಸೆಂಟ್ರಲ್ ಕಾಲೇಜಿನ ಅಂಗಳದಿಂದ ಹೊರಟು ಮೈಸೂರು ರಸ್ತೆಯ ಜ್ಞಾನಭಾರತಿಯನ್ನು ಸೇರಿತು. ಗಿಡಮರಗಳ ನಡುವೆ ಕುಳಿತರೆ ವಿದ್ಯೆ ಬರುತ್ತದೆಂಬ ಆ ನಂಬಿಕೆ ಎಷ್ಟು ನಿಜವೋ ಹೇಳಲಾರೆ, ಆದರೆ ಅದೊಂದು ನಂಬಿಕೆಯಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯದು ಬೇರೆಯೇ ತರ್ಕ. ಇಲ್ಲಿ ವಿದ್ಯೆ ಕೆಲಸದ ಮಗ್ಗುಲಲ್ಲಿ ಕುಳಿತಿದೆ. ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ 1999ರಲ್ಲಿ ವೈಟ್‌ಫೀಲ್ಡಿನ ಐ.ಟಿ.ಪಿ.ಎಲ್. ಕಟ್ಟಡದಲ್ಲಿ ಆರಂಭವಾಗಿ, 2003ರಲ್ಲಿ ಇಲ್ಲಿಗೆ ಬಂದು ನೆಲೆಸಿದ್ದು ಇನ್ಫೋಸಿಸ್ಸಿನ ಆವರಣಕ್ಕೆ ಎದುರಾಗಿ. ತರಗತಿಯ ಕಿಟಕಿಯಿಂದ ನೋಡಿದರೆ ನಾಳೆಯ ಉದ್ಯೋಗ ಕಣ್ಣಿಗೆ ಕಾಣುವಷ್ಟು ಹತ್ತಿರ. ಪೀಣ್ಯದ ಕಡೆ ತರಬೇತಿ ಪಡೆಯುವ ಹುಡುಗರಿಗಂತೂ ಪಾಠಶಾಲೆಗೂ ಕಾರ್ಖಾನೆಗೂ ನಡುವೆ ಗೋಡೆಯೇ ಇಲ್ಲ. ಬೆಳಗ್ಗೆ ಲೇಥಿನ ಮುಂದೆ, ಮಧ್ಯಾಹ್ನ ಹಲಗೆಯ ಮುಂದೆ.

ಈ ಭಾಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕನ್ನಡ ಹೇಳುತ್ತೇನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಪಠ್ಯಕ್ರಮದಲ್ಲಿ ಎರಡು ಬಗೆಯ ಕನ್ನಡವಿದೆ: ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಅರಿಯದವರಿಗೆ ‘ಬಳಕೆ ಕನ್ನಡ’. ವಾರಕ್ಕೊಂದು ಗಂಟೆ. ಗಣಿತಕ್ಕೂ ಪ್ರಯೋಗಶಾಲೆಗೂ ನಡುವೆ ಸಿಕ್ಕಿಕೊಂಡ ಆ ಒಂದು ಗಂಟೆಗೆ ಹುಡುಗರು ದಣಿದೇ ಬರುತ್ತಾರೆ; ನಾನು ಅದನ್ನು ಅವಮಾನವೆಂದು ಎಣಿಸುವುದಿಲ್ಲ. ಬಳಕೆ ಕನ್ನಡದ ತರಗತಿಯಲ್ಲಿ ಬಿಹಾರದವರು, ಆಂಧ್ರದವರು, ಕೇರಳದವರು ಒಟ್ಟಿಗೆ ಕುಳಿತಿರುತ್ತಾರೆ. ಪಠ್ಯದ ಮೊದಲ ಪಾಠ ಏನೇ ಇರಲಿ, ಅವರು ತಾವಾಗಿ ಮೊದಲು ಕಲಿತು ಬಂದಿರುವುದು ‘ಊಟ ಆಯ್ತಾ’ ಎಂಬ ಮಾತನ್ನು. ಮನೆಯಿಂದ ದೂರವಿರುವ ಹುಡುಗರಿಗೆ ಅದಕ್ಕಿಂತ ಉಪಯುಕ್ತವಾದ ವಾಕ್ಯ ನಮ್ಮ ವ್ಯಾಕರಣದಲ್ಲಿ ಇದ್ದಂತೆ ತೋರದು.

ಅವರ ಊಟ ವಸತಿಗಳೆರಡೂ ಪಿ.ಜಿ.ಯಲ್ಲಿ. ಈ ಎರಡಕ್ಷರದ ಬಿಡಿಸಿದ ಅರ್ಥ ‘ಹಣ ಕೊಡುವ ಅತಿಥಿ’ ಎಂದಂತೆ. ಅತಿಥಿಯಿಂದ ಹಣ ತೆಗೆದುಕೊಳ್ಳುವ ಪದ್ಧತಿಗೆ ನಮ್ಮ ಭಾಷೆಯಲ್ಲಿ ಪದವಿಲ್ಲದ್ದರಿಂದ ಇಂಗ್ಲಿಷಿನ ಅಕ್ಷರಗಳೇ ಉಳಿದುಕೊಂಡಿವೆ. ದೊಡ್ಡತೋಗೂರಿನ ಯಾವ ಬೀದಿಗೆ ಹೋದರೂ ನಾಲ್ಕೈದು ಅಂತಸ್ತಿನ ಇಕ್ಕಟ್ಟಾದ ಮನೆಗಳು. ಬಾಗಿಲಲ್ಲಿ ರಾಶಿಬಿದ್ದ ಚಪ್ಪಲಿಗಳು. ಗೋಡೆಯ ಮೇಲೆ ಇಬ್ಬರ ಕೋಣೆ, ಮೂವರ ಕೋಣೆ, ನಾಲ್ವರ ಕೋಣೆ ಎಂದು ಬೇರೆ ಬೇರೆ ದರ. ತಲೆಗಳು ಹೆಚ್ಚಿದಷ್ಟೂ ಬಾಡಿಗೆ ಇಳಿಯುತ್ತದೆ. ಬಡವನ ಮಗ ನಾಲ್ವರ ಕೋಣೆಯಲ್ಲಿರುತ್ತಾನೆ. ಹುಡುಗಿಯರ ಪಿ.ಜಿ.ಗಳಲ್ಲಿ ರಾತ್ರಿ ಗೇಟು ಹಾಕುವ ಹೊತ್ತೊಂದಿರುತ್ತದೆ. ಪ್ರಯೋಗಶಾಲೆಯಲ್ಲಿ ತಡವಾದರೂ, ಗ್ರಂಥಾಲಯದಲ್ಲಿ ಒಳ್ಳೆಯ ಪುಸ್ತಕ ಕೈಗೆ ಬಂದರೂ ಆ ಗೇಟು ಕಾಯುವುದಿಲ್ಲ.

ಕಳೆದ ವರ್ಷ ನನ್ನ ತರಗತಿಯ ಒಬ್ಬ ಹುಡುಗ, ಯಾದಗಿರಿಯ ಕಡೆಯವನು, ಬೆಳಗಿನ ಗಂಟೆಯಲ್ಲಿ ದಿನವೂ ತೂಕಡಿಸುತ್ತಿದ್ದ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವನು. ಇಂಗ್ಲಿಷಿನ ಪಾಠ ಅರ್ಥವಾಗಬೇಕಾದರೆ ಇತರರಿಗಿಂತ ಎರಡರಷ್ಟು ಹೊತ್ತು ಓದಬೇಕು. ಕರೆದು ಕೇಳಿದೆ. “ರೂಮಿನ್ಯಾಗ ಲೈಟ್ ಹಚ್ಚಂಗಿಲ್ರಿ ಸರ. ಉಳಿದ ಮೂರು ಮಂದಿ ಕಂಪನಿಯವರು. ಇಬ್ಬರು ರಾತ್ರಿ ಮಲಗ್ತಾರ, ಒಬ್ಬರು ಹಗಲು ಮಲಗ್ತಾರ. ಲೈಟ್ ಹಚ್ಚಿದ್ರ ಅವರಿಗಿ ನಿದ್ದಿ ಕೆಡ್ತದ. ನಾ ಮಾಳಗಿ ಮ್ಯಾಲ ಓದ್ತೀನ್ರಿ” ಎಂದ. ಮಹಡಿಯ ಮೇಲೆ ನೀರಿನ ಟ್ಯಾಂಕಿನ ಬಳಿ ಒಂದು ದೀಪವಿತ್ತಂತೆ. ಮಳೆ ಬಂದರೆ ಮೆಟ್ಟಿಲು. ಕೋಣೆಯವರ ಮೇಲೆ ಅವನಿಗೆ ದೂರೇನೂ ಇರಲಿಲ್ಲ. “ಅವರೂ ದುಡದು ಬಂದಿರ್ತಾರ್ರಿ” ಎಂದ.

ಬೆಂಗಳೂರಿನಲ್ಲಿ ವಿದ್ಯಾರ್ಥಿಯ ಬಡತನ ಹೊಸತಲ್ಲ. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಎಚ್. ನರಸಿಂಹಯ್ಯನವರು ಎರಡು ದಿನ ಕಾಲ್ನಡಿಗೆಯಲ್ಲಿ ನಡೆದು ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರೂ, 2005ರಲ್ಲಿ ತೀರಿಕೊಳ್ಳುವವರೆಗೂ, ಅವರ ಮನೆಯೆಂದರೆ ವಿದ್ಯಾರ್ಥಿನಿಲಯದ ಕೋಣೆಯೇ. ಆ ಕಾಲದ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆಯಿತ್ತು. ಒಂದೊಂದು ಜನಾಂಗದವರು ಕಟ್ಟಿದ ಉಚಿತ ನಿಲಯಗಳಿದ್ದವು. ಜಾತಿಯ ಬಾಗಿಲುಗಳೇ ಅವು, ಅಲ್ಲವೆನ್ನಲಾಗದು. ವಾರಾನ್ನದ ಎಲೆಯ ಮುಂದೆ ಹಂಗಿನ ಮಾತು ಕೇಳಿ ಎದ್ದವರೂ ಇದ್ದಾರೆ. ಊಟಕ್ಕೆ ಕರೆಯಿಸಿಕೊಳ್ಳದೆ ಹೊರಗೇ ಉಳಿದ ಜಾತಿಗಳ ಹುಡುಗರು ಅದಕ್ಕಿಂತ ಎಷ್ಟೋ ಹೆಚ್ಚು. ಆದುದರಿಂದ ಆ ಕಾಲವನ್ನು ಹೊಗಳುವ ಉತ್ಸಾಹ ನನಗಿಲ್ಲ. ಸರ್ಕಾರ ಹಿಂದುಳಿದ ವರ್ಗಗಳ, ಪರಿಶಿಷ್ಟರ ವಿದ್ಯಾರ್ಥಿನಿಲಯಗಳನ್ನು ತೆರೆದುದು ದೊಡ್ಡ ಕೆಲಸ. ನಿಲಯದಲ್ಲಿ ಸ್ಥಳ ಸಿಗದವರಿಗಾಗಿ 2013-14ರಲ್ಲಿ ‘ವಿದ್ಯಾಸಿರಿ’ ಆರಂಭವಾದಾಗ ತಿಂಗಳಿಗೆ 1500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡಲಾಯಿತು. ಹಂಗಿಲ್ಲದ ವಾರಾನ್ನವದು, ಆದರೆ ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆಯನ್ನು ನಿರ್ಣಯಿಸುವವರು ವಿದ್ಯಾರ್ಥಿಗಳಲ್ಲ, ಸಂಬಳ ಎಣಿಸುವವರು. ಅವರ ಪಕ್ಕದ ಮಂಚದಲ್ಲಿ ಮಲಗುವ ಹುಡುಗನೂ ಅದೇ ದರವನ್ನು ತೆರಬೇಕು.

2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಓಡಾಟ ಆರಂಭವಾದ ಮೇಲೆ ಕೆಲವರು ಒಳ ನಗರದಿಂದಲೇ ಬಂದು ಹೋಗುತ್ತಿದ್ದಾರೆ. ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ಬಸ್ಸಿನೊಳಗೆ ನಿಂತು ಕಳೆಯುತ್ತಿದ್ದ ಹೊತ್ತು ಅವರಿಗೆ ಉಳಿದಿದೆ. ಒಳ್ಳೆಯದಾಯಿತು. ನಾಲ್ವರ ಕೋಣೆಯವನಿಗೆ ಅದರಿಂದ ಹೆಚ್ಚಿನದೇನೂ ಆಗಿಲ್ಲ.

ಈ ವಿಷಯವನ್ನು ಬರೆಯಲು ನನ್ನನ್ನು ತೊಡಗಿಸಿದ್ದು ಒಂದು ಶಾಸನ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದಿದೆ. ಅಲ್ಲಿನ ಶಾಲೆಗೆ ಬೇರೆ ಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗಾಗಿ ಬಿಟ್ಟುಕೊಟ್ಟ ಮನೆಗಳು ಇಪ್ಪತ್ತೇಳು. ಊರವರು ಮದುವೆ, ಉಪನಯನ, ಚೌಲಗಳ ಸಮಯದಲ್ಲಿ ಶಾಲೆಗೆ ಇಂತಿಷ್ಟು ಕೊಡಬೇಕೆಂಬ ಕಟ್ಟಳೆಯೂ ಇತ್ತು. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ದತ್ತಿ: ದೀಪಕ್ಕೆಂದೇ ಹನ್ನೆರಡು ನಿವರ್ತನ ಭೂಮಿ. ದಾನ ಕೊಟ್ಟವನು ಮನೆಯನ್ನು ಯೋಚಿಸಿದ, ಅನ್ನವನ್ನು ಯೋಚಿಸಿದ. ಕತ್ತಲಾದ ಮೇಲೆ ಬೆಳಕು ಬೇಕೆಂಬುದನ್ನೂ ಮರೆಯಲಿಲ್ಲ.

ಸಾಂಸ್ಕೃತಿಕ ಕನ್ನಡದ ತರಗತಿಯಲ್ಲಿ ಇದನ್ನು ಹೇಳಿದೆ. ಪರೀಕ್ಷೆಗೆ ಬರುವ ವಿಷಯವಲ್ಲವಾದ್ದರಿಂದ ಹೆಚ್ಚಿನವರು ಲೇಖನಿ ಕೆಳಗಿಟ್ಟರು. ಯಾದಗಿರಿಯ ಹುಡುಗ ಮಾತ್ರ ಅಂದು ತೂಕಡಿಸುತ್ತಿರಲಿಲ್ಲ.

“ದೀಪಕ್ಕಂತನೇ ಬ್ಯಾರೆ ಹೊಲ ಇತ್ತೇನ್ರಿ ಸರ?” ಎಂದು ಕೇಳಿದ.

ಇತ್ತೆಂದೆ. ಅವನು ಪುಸ್ತಕ ತೆರೆದು ಬರೆದುಕೊಂಡ.